ಮೀನಿನ ಸೆಲ್ ಲೈನ್ ಕೈಕೊಟ್ಟಾಗ: ಕೆಟ್ಟ ಹೊತ್ತಿನಿಂದ ಕಾರಣ ಹುಡುಕುವ ಕೈಪಿಡಿ

ಮೀನುಗಳ ವೈರಸ್ ರೋಗಗಳನ್ನು ಅಧ್ಯಯನ ಮಾಡುವವರಿಗೆ ಸಾಧ್ಯವಾದಷ್ಟೂ ಆ ಜಾತಿಯ ಮೀನಿನದೇ ಜೀವಕೋಶಗಳು ಬೇಕಾಗುತ್ತವೆ, ಏಕೆಂದರೆ ಬೇರೆ ಮೀನಿನ ಕೋಶಗಳಲ್ಲಿ ನಮ್ಮ ವೈರಸ್ ಬೆಳೆದೇ ತೀರುತ್ತದೆ ಎಂಬ ಖಾತರಿಯಿಲ್ಲ. 1962ರಲ್ಲಿ ವೋಲ್ಫ್ ಮತ್ತು ಕ್ವಿಂಬಿ ಅವರು ರೇನ್‌ಬೋ ಟ್ರೌಟ್ ಮೀನಿನ ಜನನಗ್ರಂಥಿಯಿಂದ ಆರ್‌ಟಿಜಿ-2 ಎಂಬ, ಮೀನುಗಳ ಮೊದಲ ಶಾಶ್ವತ ಸೆಲ್ ಲೈನನ್ನು (ಪ್ರಯೋಗಾಲಯದಲ್ಲಿ ವಿಭಜಿಸುತ್ತ ಬೆಳೆಯುತ್ತಲೇ ಹೋಗುವ ಕೋಶಗಳ ತಳಿಯನ್ನು) ಪ್ರಕಟಿಸಿದರು. ಭಾರತದ ಮೊದಲ ಕಡಲ ಮೀನಿನ ಸೆಲ್ ಲೈನ್ ಎಂದು ವರದಿಯಾದ ಎಸ್‌ಐಎಸ್‌ಕೆ, 2006ರಲ್ಲಿ, ಏಷ್ಯನ್ ಸೀಬಾಸ್ ಮೀನಿನ ಮೂತ್ರಪಿಂಡದಿಂದ ಬಂದಿತು. ಮುಂಬಯಿ ಮತ್ತು ರಾಯಗಡದಲ್ಲಿ ಜಿತಾಡಾ ಎಂದೂ ಗೋವಾದಲ್ಲಿ ಚೋಣಕ್ ಎಂದೂ ಮಾರಾಟವಾಗುವುದು ಇದೇ ಮೀನು.

ಈ ಬರಹವು ಮುಂಬಯಿ, ಪುಣೆ ಮತ್ತು ಗೋವಾದ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ, ಮಂಗಳೂರಿನ ಮೀನುಗಾರಿಕಾ ಕಾಲೇಜಿನಿಂದಲೋ ಧಾರವಾಡ, ಬೆಂಗಳೂರುಗಳ ಜೀವವಿಜ್ಞಾನ ವಿಭಾಗಗಳಿಂದಲೋ ಬಂದ ಕನ್ನಡದ ಸಂಶೋಧನಾ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಸಿದ್ಧಪಡಿಸಿದ್ದು. ಸೆಲ್ ಲೈನ್ ಎಬ್ಬಿಸುವ ವಿಧಾನ ಎಲ್ಲ ಕಡೆ ಸಿಗುತ್ತದೆ. ವಿಧಾನವನ್ನು ಅಕ್ಷರಶಃ ಪಾಲಿಸಿದ ಮೇಲೂ ಫ್ಲಾಸ್ಕ್ ಕೆಟ್ಟರೆ ಏನು ಮಾಡಬೇಕೆಂಬುದು ಅಷ್ಟು ಸುಲಭವಾಗಿ ಸಿಗುವುದಿಲ್ಲ. "ಸೆಲ್ಸ್ ಸತ್ತಿವೆ" ಎಂದಷ್ಟೇ ಬರೆದಿಟ್ಟ ನೋಟ್‌ಬುಕ್‌ನಿಂದ ಯಾರೂ ಏನನ್ನೂ ಕಂಡುಹಿಡಿಯಲಾರರು. ಯಾವ ದಿನ ಕೆಟ್ಟಿತು, ಎಷ್ಟು ಫ್ಲಾಸ್ಕ್‌ಗಳಲ್ಲಿ ಕೆಟ್ಟಿತು, ಪಕ್ಕದಲ್ಲಿ ಕೆಡದೆ ಉಳಿದದ್ದು ಯಾವುದು ಎಂಬ ಮೂರು ಸಂಗತಿಗಳು ದಾಖಲಾಗಿದ್ದರೆ ಕಾರಣಗಳ ಪಟ್ಟಿ ಬಹುಮಟ್ಟಿಗೆ ತಾನಾಗಿಯೇ ಚಿಕ್ಕದಾಗುತ್ತದೆ. ಆದ್ದರಿಂದ ಇಲ್ಲಿಯ ವಿವರಣೆಯನ್ನು ದೋಷ ಕಾಣಿಸಿಕೊಳ್ಳುವ ಹೊತ್ತಿಗೆ ಅನುಗುಣವಾಗಿ ಜೋಡಿಸಿದೆ.

ದೋಷ ಕಂಡ ಕೂಡಲೇ ಸೀರಮ್ (ಕೋಶಗಳ ಪೋಷಣೆಗೆ ಸೇರಿಸುವ ರಕ್ತಸಾರ) ಬದಲಿಸುವುದು, ಆ್ಯಂಟಿಬಯೋಟಿಕ್ ಹೆಚ್ಚಿಸುವುದು, ಉಷ್ಣತೆ ಇಳಿಸುವುದು, ಈ ಮೂರನ್ನೂ ಒಂದೇ ದಿನ ಮಾಡುವ ರೂಢಿ ಅನೇಕ ಕಡೆ ಇದೆ. ಹಾಗೆ ಮಾಡಿದಾಗ ಮುಂದಿನ ಫ್ಲಾಸ್ಕ್ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬುದು ತಿಳಿಯುವುದಿಲ್ಲ, ಮುಂದಿನ ವರ್ಷ ಅದೇ ದೋಷ ಮತ್ತೆ ಬರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು.

ಮೊದಲ ಎರಡು ದಿನ: ತುಣುಕು ಅಂಟದಿರುವುದು

ಅಂಗಾಂಶವನ್ನು ಸುಮಾರು ಒಂದು ಘನ ಮಿಲಿಮೀಟರ್ ಗಾತ್ರದ ತುಣುಕುಗಳಾಗಿ ಕತ್ತರಿಸಿ ಫ್ಲಾಸ್ಕ್‌ನ ತಳದಲ್ಲಿ ಇಟ್ಟ ಮೇಲೆ ಒಂದರಿಂದ ಮೂರು ದಿನಗಳಲ್ಲಿ ಅವು ಅಂಟಿಕೊಳ್ಳಬೇಕು. ಅಂಟದೆ ತೇಲುತ್ತಿದ್ದರೆ ಮೊದಲು ನೋಡಬೇಕಾದದ್ದು ಮಾಧ್ಯಮದ, ಅಂದರೆ ಕೋಶಗಳನ್ನು ಬೆಳೆಸುವ ಪೋಷಕ ದ್ರವದ, ಪ್ರಮಾಣವನ್ನು. 25 ಚದರ ಸೆಂಟಿಮೀಟರ್ ಫ್ಲಾಸ್ಕ್‌ಗೆ ಮೊದಲ ದಿನವೇ ಐದು ಮಿಲಿ ಸುರಿದರೆ ತುಣುಕುಗಳಿಗೆ ತಳ ಸಿಗುವುದೇ ಇಲ್ಲ. ತುಣುಕುಗಳ ಮೇಲೆ ಸೀರಮ್‌ನ ತೆಳುವಾದ ತೇವ ಇರುವಂತೆ ಮಾಡಿ, ಒಂದೆರಡು ಗಂಟೆ ಹಾಗೆಯೇ ಬಿಟ್ಟು, ನಂತರ ಅರ್ಧ ಮಿಲಿಯಿಂದ ಒಂದು ಮಿಲಿ ಮಾಧ್ಯಮವನ್ನು ಗೋಡೆಯ ಬದಿಯಿಂದ ಇಳಿಸಿ, ಮರುದಿನ ಉಳಿದದ್ದನ್ನು ಸೇರಿಸುವುದು ಸುರಕ್ಷಿತ. ಆದರೆ ತೇವ ತೀರ ಕಡಿಮೆಯಾಗಿ ತುಣುಕಿನ ಅಂಚು ಒಣಗಿ ಬಿಳಿಚಿಕೊಂಡರೆ ಅದು ಅಂಟಿದಂತೆ ಕಂಡರೂ ಅದರಿಂದ ಒಂದು ಕೋಶವೂ ಹೊರಬರುವುದಿಲ್ಲ.

ಮಾಧ್ಯಮದ ಪ್ರಮಾಣ ಸರಿಯಿದ್ದು, ಅಂಟಿದ ತುಣುಕುಗಳು ಎರಡನೆಯ ದಿನ ಕಳಚಿಕೊಂಡರೆ ಅಲುಗಾಟವನ್ನು ಶಂಕಿಸಬೇಕು. ಕಂಪ್ರೆಸರ್ ಇರುವ ಬಿಒಡಿ ಇನ್ಕ್ಯುಬೇಟರ್ (ತಂಪನ್ನೂ ಕೊಡಬಲ್ಲ, ಉಷ್ಣತೆ ಕಾಯುವ ಪೆಟ್ಟಿಗೆ) ಆನ್ ಆಗುವಾಗಲೊಮ್ಮೆ ನಡುಗುತ್ತದೆ. ತಟ್ಟೆಯಲ್ಲಿ ನೀರಿಟ್ಟು, ಕಂಪ್ರೆಸರ್ ಚಾಲೂ ಆಗುವ ಕ್ಷಣದಲ್ಲಿ ನೀರಿನ ಮೇಲ್ಮೈಯನ್ನು ಗಮನಿಸಿದರೆ ಅದು ಕಣ್ಣಿಗೇ ಕಾಣುತ್ತದೆ. ಬಿಡಿ ಕೋಶಗಳನ್ನು ಬಿತ್ತಿದ ಫ್ಲಾಸ್ಕ್‌ನಲ್ಲಿ ಕೋಶಗಳು ಸಮನಾಗಿ ಹರಡದೆ ಉಂಗುರದಂತೆಯೋ ಪಟ್ಟೆಪಟ್ಟೆಯಾಗಿಯೋ ಕೂತಿದ್ದರೂ ಇದೇ ಕಾರಣವಿರಬಹುದು. ಫ್ಲಾಸ್ಕ್‌ಗಳ ಕೆಳಗೆ ದಪ್ಪ ಫೋಮ್ ಹಾಳೆ ಹಾಕುವುದರಿಂದ ಅರ್ಧ ಸಮಸ್ಯೆ ಮುಗಿಯುತ್ತದೆ. ದಿನಕ್ಕೆರಡು ಸಲ ಫ್ಲಾಸ್ಕ್ ಹೊರತೆಗೆದು ಸೂಕ್ಷ್ಮದರ್ಶಕದಡಿ ನೋಡುವ ಉತ್ಸಾಹವೂ ಅಲುಗಾಟವೇ. ಮೊದಲ 48 ಗಂಟೆ ಫ್ಲಾಸ್ಕನ್ನು ಮುಟ್ಟದಿರುವುದು ಒಳ್ಳೆಯದು. ಹೃದಯದ ತುಣುಕುಗಳ ಮಾತು ಸ್ವಲ್ಪ ಬೇರೆ. ಅವು ಕೆಲವೊಮ್ಮೆ ಫ್ಲಾಸ್ಕ್‌ನಲ್ಲೂ ಮಿಡಿಯುತ್ತಲೇ ಇರುತ್ತವೆ ಮತ್ತು ಆ ಮಿಡಿತದಿಂದಲೇ ಕಳಚಿಕೊಳ್ಳುತ್ತವೆ, ಹಾಗಾಗಿ ಹೃದಯದಿಂದ ಹೆಚ್ಚು ತುಣುಕುಗಳನ್ನು ಇಟ್ಟುಕೊಳ್ಳುವುದು ವಾಸಿ.

ಎರಡರಿಂದ ನಾಲ್ಕನೆಯ ದಿನ: ಮಾಧ್ಯಮ ಕದಡುವುದು

ಮಾಧ್ಯಮ ಹಳದಿಗೆ ತಿರುಗಿ ಕದಡಿದ್ದರೆ ಬ್ಯಾಕ್ಟೀರಿಯಾ ಬೆಳೆದಿದೆ ಎಂಬುದರಲ್ಲಿ ಅನುಮಾನವಿಲ್ಲ. ಅದು ಎಲ್ಲಿಂದ ಬಂದಿತು ಎಂಬುದೇ ಪ್ರಶ್ನೆ. ಇದನ್ನು ಊಹಿಸಬೇಕಾಗಿಲ್ಲ. ಪ್ರತಿ ಬಾರಿ ಅಂಗಾಂಶ ತೆಗೆಯುವಾಗ ಮೂರು ಸಾಕ್ಷಿಗಳನ್ನು ಇಟ್ಟುಕೊಳ್ಳಬೇಕು: ಅಂಗಾಂಶವಿಲ್ಲದೆ ಬರೀ ಮಾಧ್ಯಮ ಹಾಕಿದ ಒಂದು ಫ್ಲಾಸ್ಕ್, ಅದೇ ಹುಡ್‌ನಲ್ಲಿ (ಸೋಸಿದ ಗಾಳಿಯ ಕೆಲಸದ ಪೆಟ್ಟಿಗೆಯಲ್ಲಿ) ಅದೇ ಪಿಪೆಟ್‌ನಿಂದ ಬರೀ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರಾವಣ) ಹಾಕಿ ಮುಚ್ಚಿದ ಇನ್ನೊಂದು, ಮತ್ತು ಅಂಗಾಂಶವನ್ನು ಕೊನೆಯ ಸಲ ತೊಳೆದ ದ್ರಾವಣದ ಒಂದು ಮಿಲಿ. ಮೊದಲ ಫ್ಲಾಸ್ಕ್ ಕದಡಿದರೆ ಮಾಧ್ಯಮ ಅಥವಾ ಸೀರಮ್ ಕೆಟ್ಟಿದೆ. ಎರಡನೆಯದೂ ಕದಡಿದರೆ ಹುಡ್, ಪಿಪೆಟ್ ಅಥವಾ ಕೈ. ಇವೆರಡೂ ತಿಳಿಯಾಗಿದ್ದು, ಕೊನೆಯ ತೊಳೆತದಿಂದ ಮಾತ್ರ ಬ್ಯಾಕ್ಟೀರಿಯಾ ಬಂದರೆ ಮೀನಿನ ಮೈಯೇ ಮೂಲ.

ಇಲ್ಲೊಂದು ಸೂಕ್ಷ್ಮವಿದೆ. ತೊಳೆತದ ದ್ರಾವಣದಲ್ಲಿರುವ ಆ್ಯಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕೇವಲ ತಡೆದಿಟ್ಟಿರಬಹುದು, ಆದ್ದರಿಂದ ಅದನ್ನು ಹೆಚ್ಚು ಪ್ರಮಾಣದ ಬ್ರಾತ್‌ಗೆ ಸೇರಿಸಿ ತೆಳುವಾಗಿಸಿದ ಮೇಲೆಯೇ ಬೆಳೆಸಬೇಕು. ಜೊತೆಗೆ, ಕಡಲ ಅಥವಾ ಹಿನ್ನೀರಿನ ಮೀನಿನಿಂದ ಬಂದ ವಿಬ್ರಿಯೋ ಬ್ಯಾಕ್ಟೀರಿಯಾ ಜಾತಿಗಳಲ್ಲಿ ಹಲವಕ್ಕೆ ಉಪ್ಪು ಬೇಕೇ ಬೇಕು. ಉಪ್ಪು ಸೇರಿಸದ ಸಾಮಾನ್ಯ ಅಗರ್ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲವೆಂದು ಮೀನಿಗೆ ನಿರಪರಾಧಿ ಪಟ್ಟ ಕಟ್ಟುವುದು ಸರಿಯಲ್ಲ. ಶೇ. 1.5ರಿಂದ 2ರಷ್ಟು ಉಪ್ಪು ಸೇರಿಸಿದ ಒಂದು ತಟ್ಟೆಯನ್ನೂ ಇಟ್ಟು, ಎರಡನ್ನೂ 28 ಡಿಗ್ರಿಯಲ್ಲಿ ಕಾಯಬೇಕು. ಆಸ್ಪತ್ರೆಯ ಸೂಕ್ಷ್ಮಜೀವಿ ಪ್ರಯೋಗಾಲಯದಿಂದ ಬಂದವರು ಅಭ್ಯಾಸಬಲದಿಂದ 37 ಡಿಗ್ರಿಯಲ್ಲಿಡುತ್ತಾರೆ, ಮೀನಿನ ಮೈಯ ಅನೇಕ ಬ್ಯಾಕ್ಟೀರಿಯಾಗಳಿಗೆ ಅದು ಹಿಡಿಸುವುದಿಲ್ಲ.

ಮೂಲ ಮೀನೇ ಎಂದು ಗೊತ್ತಾದರೆ ಪರಿಹಾರ ಆ್ಯಂಟಿಬಯೋಟಿಕ್ ಬಾಟಲಿಯಲ್ಲಿಲ್ಲ, ಮೀನನ್ನು ಸಿದ್ಧಪಡಿಸುವ ಕ್ರಮದಲ್ಲಿದೆ. ಮುಂಬಯಿಯ ಅಲಂಕಾರಿಕ ಮೀನಿನ ಅಂಗಡಿಗಳಿಂದ ತಂದ ಗೋಲ್ಡ್ ಫಿಶ್ ಆಗಲಿ, ರಾಯಗಡದ ಕೊಳದಿಂದಲೋ ಗೋವಾದ ಖಾಜನ್ ಎಂಬ ಹಿನ್ನೀರಿನ ಗದ್ದೆಗಳ ಬದಿಯಿಂದಲೋ ತಂದ ಚೋಣಕ್ ಮರಿಯಾಗಲಿ, ತಂದ ದಿನವೇ ಕತ್ತರಿಸಬಾರದು. ಕ್ಲೋರಿನ್ ತೆಗೆದ ಶುದ್ಧ ನೀರಿನಲ್ಲಿ ಕೆಲವು ದಿನ ಇಟ್ಟು, ಕೊನೆಯ ಒಂದೆರಡು ದಿನ ಆಹಾರ ನಿಲ್ಲಿಸಿ ಕರುಳು ಖಾಲಿಯಾಗಲು ಬಿಡಬೇಕು. ಮೀನನ್ನು ನಿಯಮದಂತೆ ಅರಿವಳಿಕೆ ನೀಡಿ ಕೊಂದ ಮೇಲೆ ಮೈಯ ಲೋಳೆಯನ್ನು ಒರೆಸಿ, ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಶೇ. 70ರ ಆಲ್ಕೋಹಾಲ್‌ನಿಂದ ಒರೆಸಬೇಕು. ಹೃದಯ, ಗುಲ್ಮ, ಮೂತ್ರಪಿಂಡಗಳನ್ನು ತೆಗೆಯುವಾಗ ಕರುಳಿಗೆ ಕತ್ತರಿ ತಾಗಿದರೆ ಆ ಮೀನಿನ ಒಳ ಅಂಗಗಳನ್ನು ಬಿಟ್ಟುಬಿಡುವುದೇ ಲೇಸು. ಈಜುರೆಕ್ಕೆ ಮತ್ತು ಕಿವಿರುಗಳನ್ನು ಬೇರೆ ಕತ್ತರಿಯಿಂದ, ಬೇರೆ ತಟ್ಟೆಯಲ್ಲಿ ತೆಗೆಯಬೇಕು. ಈಜುರೆಕ್ಕೆಯ ಕೋಶಗಳು ಗಟ್ಟಿ, ಬೇಗ ಬೆಳೆಯುತ್ತವೆ. ಆದರೆ ಅದು ಸದಾ ನೀರಿನಲ್ಲೇ ಇರುವ ಅಂಗವಾದುದರಿಂದ ಕೊಳೆಯೂ ಅದರಲ್ಲೇ ಹೆಚ್ಚು. ತೊಳೆಯುವ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಸೇರಿದ ಉಪ್ಪಿನ ದ್ರಾವಣದಲ್ಲಿ) ಪೆನಿಸಿಲಿನ್, ಸ್ಟ್ರೆಪ್ಟೋಮೈಸಿನ್ ಮತ್ತು ಆಂಫೋಟೆರಿಸಿನ್ ಬಿ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚಿರಲಿ, ಆದರೆ ಬೆಳೆಸುವ ಮಾಧ್ಯಮದಲ್ಲಿ ಆ ಪ್ರಮಾಣ ಬೇಡ. ಆಂಫೋಟೆರಿಸಿನ್ ಹೆಚ್ಚಾದರೆ ಮೊದಲು ಸಾಯುವುದು ಬೂಷ್ಟಲ್ಲ, ನಮ್ಮ ಕೋಶಗಳು.

ಕದಡಿದಂತೆ ಕಾಣುವುದೆಲ್ಲ ಬ್ಯಾಕ್ಟೀರಿಯಾ ಅಲ್ಲ ಎಂಬುದನ್ನೂ ಹೇಳಬೇಕು. ಸೀರಮ್‌ನಿಂದ ಇಳಿದ ಪ್ರೋಟೀನ್ ಕಣಗಳು ಮತ್ತು ಸತ್ತ ಕೋಶಗಳ ಚೂರುಗಳು ನಿಂತಲ್ಲೇ ತರತರ ನಡುಗುತ್ತವೆ. ಬ್ಯಾಕ್ಟೀರಿಯಾಗಳಲ್ಲಿ ಅನೇಕವು ದಿಕ್ಕು ಹಿಡಿದು ಓಡುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಮರುದಿನಕ್ಕೆ ಅವುಗಳ ಸಂಖ್ಯೆ ಹೆಚ್ಚಿರುತ್ತದೆ.

ಮಳೆಗಾಲದ ಬೂಷ್ಟು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿ ಮತ್ತು ಗೋವಾಗಳಲ್ಲಿ ಬೂಷ್ಟಿನ ಕಾಟ ಬೇರೆ ತಿಂಗಳುಗಳಿಗೆ ಹೋಲಿಸಲಾಗದಷ್ಟು ಹೆಚ್ಚು. ಕಡಿಮೆ ವರ್ಧನೆಯಲ್ಲಿ ನೋಡಿದಾಗ ತುಣುಕಿನ ಅಂಚಿನಲ್ಲಿ ಗಾಜಿನಂಥ ತೆಳುವಾದ, ಒಂದೇ ದಪ್ಪದ ಎಳೆಯೊಂದು ನೇರವಾಗಿ ಹೊರಟು ಕವಲೊಡೆದಿರುತ್ತದೆ. ಅಂಗಾಂಶದ ನಾರು ಹೀಗೆ ಕವಲೊಡೆಯುವುದಿಲ್ಲ, ಬಟ್ಟೆಯ ನೂಲಿಗೆ ಈ ಪಾರದರ್ಶಕತೆ ಇರುವುದಿಲ್ಲ. ಈ ಹಂತದಲ್ಲಿ ಮಾಧ್ಯಮದ ಬಣ್ಣ ಬದಲಾಗಿರುವುದಿಲ್ಲವಾದ್ದರಿಂದ ಬರಿಗಣ್ಣಿಗೆ ಫ್ಲಾಸ್ಕ್ ಆರೋಗ್ಯವಾಗಿಯೇ ಕಾಣುತ್ತದೆ. ಮರುದಿನ ಅದು ಹತ್ತಿಯ ಉಂಡೆಯಾಗಿರುತ್ತದೆ. ಅಂಥ ಫ್ಲಾಸ್ಕ್‌ನ ಮುಚ್ಚಳವನ್ನು "ಒಮ್ಮೆ ನೋಡೋಣ" ಎಂದು ಹುಡ್‌ನಲ್ಲಿ ತೆರೆಯಬಾರದು, ಮುಚ್ಚಿದಂತೆಯೇ ಆಟೋಕ್ಲೇವ್ ಚೀಲಕ್ಕೆ ಹೋಗಬೇಕು.

ಮೂಲ ಹುಡುಕುವಾಗ ಜನ ಹುಡ್‌ನ ಫಿಲ್ಟರ್ ಮೇಲೆ ಮೊದಲು ಆರೋಪ ಹೊರಿಸುತ್ತಾರೆ. ನನ್ನ ತಿಳಿವಳಿಕೆಯ ಮಟ್ಟಿಗೆ ಮೊದಲು ನೋಡಬೇಕಾದದ್ದು ವಾಟರ್ ಬಾತ್, ಎಸಿಯ ಜಾಲರಿ, ಮತ್ತು ಕಲ್ಚರ್ ಕೋಣೆಯೊಳಗೆ ಇಟ್ಟ ರಟ್ಟಿನ ಪೆಟ್ಟಿಗೆಗಳು. ವಾಟರ್ ಬಾತ್‌ನಲ್ಲಿ ಬೆಚ್ಚಗಾದ ಬಾಟಲಿಯ ಕತ್ತಿನ ಸುತ್ತ ನಿಂತ ಒಂದು ಹನಿ ನೀರು ಸಾಕು. ನಿಜ ಹೇಳಬೇಕೆಂದರೆ 28 ಡಿಗ್ರಿಯಲ್ಲಿ ಬೆಳೆಯುವ ಕೋಶಗಳಿಗೆ ಮುಂಬಯಿಯಲ್ಲಿ ವಾಟರ್ ಬಾತ್ ಅಗತ್ಯವೇ ಇಲ್ಲ. ಮಾಧ್ಯಮದ ಬಾಟಲಿಯನ್ನು ಅರ್ಧ ಗಂಟೆ ಹೊರಗಿಟ್ಟರೆ ಆಯಿತು.

ಮಳೆಗಾಲಕ್ಕೇ ಸೇರಿದ ಇನ್ನೊಂದು ದೋಷವಿದೆ. ಪುಡಿ ರೂಪದ ಮಾಧ್ಯಮ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ದೊಡ್ಡ ಡಬ್ಬಿಯನ್ನು ತೆರೆದು, ಸ್ವಲ್ಪ ತೂಗಿ, ಮತ್ತೆ ಮುಚ್ಚಿಟ್ಟರೆ ಮುಂದಿನ ಸಲ ತೂಗುವುದು ಪುಡಿ ಮತ್ತು ನೀರು ಎರಡನ್ನೂ. ಮಾಧ್ಯಮ ತೆಳುವಾಗುತ್ತದೆ, ಕೋಶಗಳು ಊದಿಕೊಂಡು ದುಂಡಗಾಗುತ್ತವೆ. ಪುಡಿ ಗಂಟುಗಟ್ಟಿದ್ದರೆ ಅದನ್ನು ಬಳಸಬಾರದು. ಒಂದು ಲೀಟರಿಗೆಂದು ಅಳೆದು ಬಂದ ಚಿಕ್ಕ ಪೊಟ್ಟಣಗಳು ದುಬಾರಿ ಎನಿಸಿದರೂ ಕರಾವಳಿಯ ಹವೆಗೆ ಅವೇ ಸರಿ. ದ್ರಾವಣದ ಸಾಂದ್ರತೆ ಅಳೆಯುವ ಆಸ್ಮೋಮೀಟರ್ ಇದ್ದಲ್ಲಿ ಪ್ರತಿ ತಯಾರಿಯನ್ನೂ ಅಳೆಯಬಹುದು: ಸಿಹಿನೀರಿನ ಮೀನುಗಳ ಕೋಶಗಳಿಗೆ 300 ಮಿಲಿಆಸ್ಮೋಲ್ ಆಸುಪಾಸು ಹೊಂದುತ್ತದೆ, ಕಡಲ ಮೀನುಗಳಲ್ಲಿ ಕೆಲವಕ್ಕೆ ಉಪ್ಪು ಸೇರಿಸಿ ಅದಕ್ಕಿಂತ ಮೇಲಕ್ಕೆ ಏರಿಸಬೇಕಾಗುತ್ತದೆ.

ಮೊದಲ ವಾರ ಕಳೆದ ಮೇಲೆ: ಬಣ್ಣ ಮತ್ತು ಬಿಸಿ

ತುಣುಕು ಅಂಟಿದೆ, ಮಾಧ್ಯಮ ತಿಳಿಯಾಗಿದೆ, ಆದರೂ ಕೋಶಗಳು ಹೊರಬರುತ್ತಿಲ್ಲ ಅಥವಾ ಬಂದ ಕೋಶಗಳಲ್ಲಿ ಕಪ್ಪು ಕಾಳುಗಳು ತುಂಬಿಕೊಂಡಿವೆ. ಈಗ ಮಾಧ್ಯಮದಲ್ಲಿ ಹುಳಿ-ಕ್ಷಾರ ತೋರಿಸುವ ಫೀನಾಲ್ ರೆಡ್‌ನ ಬಣ್ಣವನ್ನು ಓದಬೇಕು. ಲೀಬೊವಿಟ್ಜ್ ಎಲ್-15 ಮಾಧ್ಯಮ ಸಾಮಾನ್ಯ ಗಾಳಿಯಲ್ಲಿ ಬಳಸಲೆಂದೇ ರೂಪುಗೊಂಡದ್ದು. ಅದರಲ್ಲಿ ಗ್ಲೂಕೋಸ್ ಬದಲು ಗ್ಯಾಲಕ್ಟೋಸ್ ಇದೆ, ಪಿಎಚ್ ಹಿಡಿದಿಡುವ ಕೆಲಸವನ್ನು ಫಾಸ್ಫೇಟ್ ಮತ್ತು ಅಮೈನೋ ಆಮ್ಲಗಳು ಮಾಡುತ್ತವೆ. ಸ್ತನಿ ಕೋಶಗಳೊಂದಿಗೆ ಇನ್ಕ್ಯುಬೇಟರ್ ಹಂಚಿಕೊಳ್ಳುವ ಪ್ರಯೋಗಾಲಯಗಳಲ್ಲಿ ಇದನ್ನು ಶೇ. 5ರ ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಸಡಿಲ ಮುಚ್ಚಳದೊಂದಿಗೆ ಇಟ್ಟುಬಿಟ್ಟರೆ ಒಂದೇ ರಾತ್ರಿಯಲ್ಲಿ ಹುಳಿಯಾಗಿ ಹಳದಿಗೆ ತಿರುಗುತ್ತದೆ. ತದ್ವಿರುದ್ಧವಾಗಿ, ಬೈಕಾರ್ಬೊನೇಟ್ ಇರುವ ಎಂಇಎಂ ಮಾಧ್ಯಮವನ್ನು ಸಾಮಾನ್ಯ ಗಾಳಿಯಲ್ಲಿ ಸಡಿಲ ಮುಚ್ಚಳದೊಂದಿಗೆ ಇಟ್ಟರೆ ಕ್ಷಾರವಾಗಿ ನೇರಳೆ ಬಣ್ಣಕ್ಕೆ ಹೋಗುತ್ತದೆ. ಕದಡದೆ ಹಳದಿಯಾದದ್ದು ಅಥವಾ ಕೋಶಗಳೇ ಇಲ್ಲದ ಸಾಕ್ಷಿ ಫ್ಲಾಸ್ಕ್‌ನಲ್ಲೂ ಬಣ್ಣ ಬದಲಾದದ್ದು, ಎರಡೂ ಸೋಂಕಿನ ಲಕ್ಷಣವಲ್ಲ, ಗಾಳಿಯ ತಪ್ಪು.

ಬಣ್ಣ ಸರಿಯಿದ್ದರೆ ಬಿಸಿ. ಈ ಭಾಗದ ಪ್ರಯೋಗಾಲಯಗಳಲ್ಲಿ ಕಾರಣ ತಿಳಿಯದ ಸಾವುಗಳಲ್ಲಿ ದೊಡ್ಡ ಪಾಲು ಇದರದ್ದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬರೀ ಹೀಟರ್ ಇರುವ ಇನ್ಕ್ಯುಬೇಟರ್ ಕೋಣೆಗಿಂತ ತಂಪಾಗಿರಲಾರದು. ಕೋಣೆ 32 ಡಿಗ್ರಿ ಇರುವ ಮೇ ತಿಂಗಳಲ್ಲಿ ಗುಂಡಿಯನ್ನು 25ಕ್ಕೆ ತಿರುಗಿಸಿದರೆ ಹೀಟರ್ ಆರುತ್ತದೆ, ಅಷ್ಟೇ; ಒಳಗಿನ ಕೋಶಗಳು 32ರಲ್ಲೇ ಬೇಯುತ್ತಿರುತ್ತವೆ. ರಾತ್ರಿ ಎಸಿ ಆರಿಸುವ ಪದ್ಧತಿಯಿದ್ದರೆ ಬೆಳಿಗ್ಗೆ ಹತ್ತು ಗಂಟೆಗೆ ನೋಡಿದಾಗ ಎಲ್ಲವೂ ಸರಿಯಾಗಿಯೇ ತೋರುತ್ತದೆ. ಪುಣೆಯಲ್ಲಿ ಡಿಸೆಂಬರ್ ರಾತ್ರಿಗಳು ಚೆನ್ನಾಗಿ ತಣ್ಣಗಾಗುವುದರಿಂದ ಅದೇ ಪೆಟ್ಟಿಗೆ ಚಳಿಗಾಲದಲ್ಲಿ ಸರಿಯಾಗಿ ಕೆಲಸ ಮಾಡಿ, ಏಪ್ರಿಲ್‌ನಲ್ಲಿ ಕೈಕೊಡುತ್ತದೆ, ಮತ್ತು ನಡುವೆ ಬದಲಾದ ಸೀರಮ್ ಬಾಟಲಿಯ ತಲೆಗೆ ಅಪವಾದ ಬರುತ್ತದೆ. ಪರೀಕ್ಷೆ ಸರಳ: ನೀರು ತುಂಬಿದ ಬೀಕರ್‌ನಲ್ಲಿ ಗರಿಷ್ಠ-ಕನಿಷ್ಠ ದಾಖಲಿಸುವ ಥರ್ಮಾಮೀಟರ್ ಇಟ್ಟು ಫ್ಲಾಸ್ಕ್‌ಗಳು ಇರುವ ಅದೇ ಅಟ್ಟದಲ್ಲಿ ಮೂರು ರಾತ್ರಿ ಬಿಡಬೇಕು. ಹೊರಗಿನ ಫಲಕದ ಅಂಕಿ ಸೆನ್ಸರ್ ಇರುವ ಮೂಲೆಯದ್ದು, ಫ್ಲಾಸ್ಕ್‌ನದ್ದಲ್ಲ. ರೋಹು, ಕಾಟ್ಲ, ತಿಲಾಪಿಯ, ಸೀಬಾಸ್‌ಗಳ ಕೋಶಗಳಿಗೆ 28 ಡಿಗ್ರಿ ಸಾಮಾನ್ಯವಾಗಿ ಹಿಡಿಸುತ್ತದೆ, ಕೋಯಿ ಕಾರ್ಪ್ ಕೋಶಗಳನ್ನು ಅದಕ್ಕಿಂತ ತಂಪಾಗಿ ಇಡುವುದುಂಟು. 37 ಡಿಗ್ರಿ ಯಾವುದಕ್ಕೂ ಬೇಡ.

ಹರಡಿ ನಿಂತ ಕೋಶಗಳು

ತುಣುಕಿನ ಸುತ್ತ ಕೋಶಗಳು ಹರಡಿ, ಎರಡು ಮೂರು ವಾರಗಳ ನಂತರ ನಿಂತುಬಿಡುವುದಕ್ಕೆ ಬಹುತೇಕ ಕಾರಣ ಅವಸರ. ಮೀನಿನ ಪ್ರಾಥಮಿಕ ಕೋಶಗಳು ವಿರಳವಾಗಿದ್ದಾಗ ವಿಭಜಿಸಲು ಹಿಂಜರಿಯುತ್ತವೆ, ತಳ ಶೇ. 80–90 ತುಂಬುವ ಮುನ್ನವೇ ಟ್ರಿಪ್ಸಿನ್ (ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವ) ಹಾಕಿ ಎರಡು ಫ್ಲಾಸ್ಕ್‌ಗೆ ಹಂಚಿದರೆ ಎರಡೂ ನಿಲ್ಲುತ್ತವೆ. ಮೊದಲ ಕೆಲವು ಪ್ಯಾಸೇಜ್‌ಗಳಲ್ಲಿ (ಒಂದು ಫ್ಲಾಸ್ಕ್‌ನಿಂದ ಮುಂದಿನದಕ್ಕೆ ದಾಟಿಸುವ ಸರದಿಗಳಲ್ಲಿ) ಹಳೆಯ ಮಾಧ್ಯಮದ ಅರ್ಧವನ್ನು ಉಳಿಸಿಕೊಂಡು ಅರ್ಧವನ್ನಷ್ಟೇ ಬದಲಿಸಬೇಕು, ಸೀರಮ್ ಶೇ. 20 ಇರಲಿ. ಕೋಶಗಳು ನೆಲೆಗೊಂಡ ಮೇಲೆ ಶೇ. 10ಕ್ಕೆ ಇಳಿಸಬಹುದು. ಬೇರೆ ಲಾಟ್‌ನ ಸೀರಮ್ ಬಂದಾಗ ಹಳೆಯದು ಮುಗಿಯುವ ಮೊದಲೇ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿ ನೋಡಬೇಕು.

ಟ್ರಿಪ್ಸಿನ್ ಹಾಕಿದರೂ ಕೋಶಗಳು ಏಳುತ್ತಿಲ್ಲವೆಂದು ಹತ್ತು ನಿಮಿಷ ಕಾಯುವುದು, ನಂತರ ಎದ್ದ ಕೋಶಗಳು ಅಂಟದೆ ಸಾಯುವುದು, ಇದು ಇನ್ನೊಂದು ಸಾಮಾನ್ಯ ದೂರು. ತೊಳೆಯದೆ ಉಳಿದ ಸೀರಮ್ ಟ್ರಿಪ್ಸಿನ್‌ನ ಕೆಲಸವನ್ನು ತಡೆಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಪಿಬಿಎಸ್‌ನಿಂದ ತೊಳೆದರೂ ಅಷ್ಟೇ. ಅವೆರಡೂ ಇಲ್ಲದ ಪಿಬಿಎಸ್‌ನಿಂದ ಎರಡು ಸಲ ತೊಳೆದು, ಇಡಿಟಿಎ ಸೇರಿದ ಟ್ರಿಪ್ಸಿನ್ ಹಾಕಿ, ಸೂಕ್ಷ್ಮದರ್ಶಕದಡಿ ಕೋಶಗಳು ದುಂಡಗಾಗುವುದನ್ನು ನೋಡುತ್ತಲೇ ಇದ್ದು, ದುಂಡಗಾದ ಕೂಡಲೇ ಸೀರಮ್ ಇರುವ ಮಾಧ್ಯಮದಿಂದ ನಿಲ್ಲಿಸಬೇಕು. ಗಡಿಯಾರ ನೋಡಿ ನಿಲ್ಲಿಸುವ ಕೆಲಸ ಇದಲ್ಲ.

ಹತ್ತಾರು ಪ್ಯಾಸೇಜ್‌ಗಳ ನಂತರ

ಚೆನ್ನಾಗಿ ಬೆಳೆಯುತ್ತಿದ್ದ ಸೆಲ್ ಲೈನ್ ಕಾರಣವಿಲ್ಲದೆ ನಿಧಾನವಾಯಿತು, ಮಾಧ್ಯಮ ತಿಳಿ, ಬಣ್ಣ ಸರಿ, ಬಿಸಿ ಸರಿ ಎಂದಾದರೆ ಮೈಕೋಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯಾಗಳ ಪರೀಕ್ಷೆ ಮಾಡಿಸದೆ ಮುಂದೆ ಹೋಗಬಾರದು. ಇವುಗಳಿಗೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನಿಸಿಲಿನ್ ತಟ್ಟುವುದಿಲ್ಲ, 0.22 ಮೈಕ್ರಾನ್ ಫಿಲ್ಟರ್‌ನಲ್ಲೂ ನುಸುಳಬಲ್ಲವು, ಮಾಧ್ಯಮವನ್ನು ಕದಡುವುದಿಲ್ಲ. ಡಿಎನ್‌ಎಗೆ ಅಂಟುವ ಹೋಚ್ಸ್ಟ್ ಅಥವಾ ಡಾಪಿ ಬಣ್ಣ ಹಾಕಿ ನೋಡಿದಾಗ ಆರೋಗ್ಯವಂತ ಕೋಶದಲ್ಲಿ ಕೋಶಕೇಂದ್ರ ಮಾತ್ರ ಹೊಳೆಯುತ್ತದೆ. ಸೋಂಕಿದ್ದರೆ ಕೋಶಕೇಂದ್ರದ ಹೊರಗೆ, ಕೋಶದ ಮೈಮೇಲೆಲ್ಲ, ರವೆ ಚೆಲ್ಲಿದಂತೆ ಸಣ್ಣ ಚುಕ್ಕೆಗಳು ಹೊಳೆಯುತ್ತವೆ. ಪಿಸಿಆರ್‌ನಿಂದಲೂ ಖಚಿತಪಡಿಸಿಕೊಳ್ಳಬೇಕು. ಆ್ಯಂಟಿಬಯೋಟಿಕ್ ಇಲ್ಲದ ಮಾಧ್ಯಮದಲ್ಲಿ ಕೆಲವು ದಿನ ಬೆಳೆಸಿದ ಮೇಲೆ ಪರೀಕ್ಷಿಸಿದರೆ ಸುಳ್ಳು ನೆಗೆಟಿವ್ ಬರುವ ಸಂಭವ ಕಡಿಮೆ. ಸೋಂಕಿತ ಸೆಲ್ ಲೈನನ್ನು ಔಷಧ ಹಾಕಿ ಉಳಿಸಿಕೊಳ್ಳಲು ಹೋಗುವುದಕ್ಕಿಂತ, ಬೇರೆ ದಾರಿಯೇ ಇಲ್ಲದ ಹೊರತು, ಮೊದಲಿನ ಪ್ಯಾಸೇಜ್‌ನ ಶೀತಲಿತ ವಯಲ್‌ಗೆ ಹಿಂದಿರುಗುವುದನ್ನು ನಾನು ಶಿಫಾರಸು ಮಾಡುತ್ತೇನೆ.

ಇದಕ್ಕೆ ವಿರುದ್ಧವಾದ ಲಕ್ಷಣವೂ ಅನುಮಾನಾಸ್ಪದ: ಹಿಂಜರಿಯುತ್ತಿದ್ದ ಕೋಶಗಳು ಇದ್ದಕ್ಕಿದ್ದಂತೆ ಭರದಿಂದ ಬೆಳೆಯತೊಡಗಿ, ಆಕಾರವೂ ಬದಲಾಗುವುದು. ಮೀನಿನ ಕೋಶಗಳು ತಾವಾಗಿಯೇ ಶಾಶ್ವತ ಬೆಳವಣಿಗೆಗೆ ಹೊರಳುವುದುಂಟು, ಅದು ಸಂತೋಷದ ಸುದ್ದಿ. ಆದರೆ ಪಕ್ಕದ ಫ್ಲಾಸ್ಕ್‌ನ ಬೇರೊಂದು ಸೆಲ್ ಲೈನ್ ನುಗ್ಗಿಬಂದಿದ್ದರೂ ಹೀಗೆಯೇ ಕಾಣುತ್ತದೆ. 1983ರಲ್ಲಿ ಕಾರ್ಪ್ ಮೀನಿನದೆಂದು ವರ್ಣಿತವಾಗಿ ಜಗತ್ತಿನಾದ್ಯಂತ ಬಳಕೆಯಾದ ಇಪಿಸಿ ಸೆಲ್ ಲೈನ್ ವಾಸ್ತವದಲ್ಲಿ ಫ್ಯಾಟ್‌ಹೆಡ್ ಮಿನ್ನೋ ಎಂಬ ಬೇರೆಯೇ ಮೀನಿನದ್ದೆಂದು 2010ರಲ್ಲಿ ಪ್ರಕಟವಾಯಿತು. ಮೈಟೋಕಾಂಡ್ರಿಯಾದ ಸಿಒಐ ಮತ್ತು 16ಎಸ್ ಜೀನುಗಳ ಅನುಕ್ರಮವನ್ನು ಮೂಲ ಮೀನಿನ ಅಂಗಾಂಶದೊಂದಿಗೆ ಹೋಲಿಸಿದರೆ ಅನುಮಾನ ಬಗೆಹರಿಯುತ್ತದೆ. ಇದಕ್ಕಾಗಿ ಮೂಲ ಮೀನಿನ ಈಜುರೆಕ್ಕೆಯ ಒಂದು ಚೂರನ್ನು ಮೊದಲ ದಿನವೇ ಆಲ್ಕೋಹಾಲ್‌ನಲ್ಲಿ ತೆಗೆದಿಟ್ಟಿರಬೇಕು. ವರ್ಣತಂತುಗಳ ಎಣಿಕೆಯೂ ನೆರವಾಗುತ್ತದೆ: ರೋಹುವಿನಲ್ಲಿ 50, ಸೀಬಾಸ್‌ನಲ್ಲಿ 48, ಕಾಮನ್ ಕಾರ್ಪ್‌ನಲ್ಲಿ 100. ಪ್ಯಾಸೇಜ್ ಹೆಚ್ಚಿದಂತೆ ಕೆಲವು ಕೋಶಗಳಲ್ಲಿ ಈ ಸಂಖ್ಯೆ ಏರುಪೇರಾಗುವುದು ಸಹಜ, ಬಹುಪಾಲು ಕೋಶಗಳಲ್ಲಿ ಎಷ್ಟಿದೆ ಎಂಬುದನ್ನು ನೋಡಬೇಕು.

ದ್ರವ ಸಾರಜನಕದಿಂದ ತೆಗೆದ ವಯಲ್‌ನಲ್ಲಿ ಜೀವಂತ ಕೋಶಗಳು ಕಡಿಮೆಯಿದ್ದರೆ, ಅದೇ ದಿನ ಶೀತಲೀಕರಿಸಿದ ಇನ್ನೊಂದು ವಯಲನ್ನು ಕ್ಯಾನಿಸ್ಟರ್‌ನ ಬೇರೆ ಎತ್ತರದಿಂದ ತೆಗೆದು, ಸತ್ತ ಕೋಶಗಳಿಗಷ್ಟೇ ಹಿಡಿಯುವ ಟ್ರಿಪಾನ್ ಬ್ಲೂ ಬಣ್ಣ ಹಾಕಿ ಎಣಿಸಬೇಕು. ಮೇಲಿನದು ಸತ್ತು ತಳದ್ದು ಬದುಕಿದ್ದರೆ ಕ್ಯಾನ್‌ನಲ್ಲಿ ಸಾರಜನಕ ತಗ್ಗಿತ್ತು ಎಂದರ್ಥ. ಮಳೆಯಿಂದ ಸರಬರಾಜು ತಡವಾದ ವಾರಗಳನ್ನು ರಿಜಿಸ್ಟರ್‌ನಲ್ಲಿ ಹುಡುಕಿ. ಎರಡೂ ಸಮನಾಗಿ ಸತ್ತಿದ್ದರೆ ಶೀತಲೀಕರಣವೇ ತಪ್ಪಿದೆ: ನಿಮಿಷಕ್ಕೆ ಒಂದು ಡಿಗ್ರಿಯಂತೆ ನಿಧಾನವಾಗಿ ಇಳಿದಿಲ್ಲ, ಅಥವಾ ಕೋಶಗಳು ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಕಾಪಾಡುವ ರಾಸಾಯನಿಕ) ಜೊತೆ ಹೊರಗೆ ಹೆಚ್ಚು ಹೊತ್ತು ನಿಂತಿವೆ.

ವೈರಸ್ ಹಾಕಿದ ಮೇಲೆ

ಇಲ್ಲಿಯವರೆಗಿನ ದೋಷಗಳಲ್ಲಿ ಕೋಶ ಸತ್ತರೆ ನಷ್ಟ. ಇನ್ನು ಮುಂದೆ ಕೋಶ ಸಾಯಲೆಂದೇ ಕಾಯುತ್ತೇವೆ, ಹಾಗಾಗಿ ಮೋಸಹೋಗುವ ಸಾಧ್ಯತೆ ಎರಡೂ ಕಡೆ ಇದೆ.

ಸೋಂಕಿತ ಮೀನಿನ ಅಂಗಾಂಶವನ್ನು ಅರೆದು, ಸೋಸಿ, ಹಾಕಿದ ಮೊದಲ 24 ಗಂಟೆಗಳಲ್ಲೇ ತಳದ ಕೋಶಗಳ ಹಾಸು ಪೂರ್ತಿ ಕಿತ್ತುಬಂದರೆ ಸಂಭ್ರಮಿಸುವ ಮೊದಲು ವಿಷಪರಿಣಾಮವನ್ನು ನೆನೆಯಬೇಕು. ಅಂಗಾಂಶದ ರಸದಲ್ಲಿರುವ ಕಿಣ್ವಗಳು, ಪಿತ್ತ, ಕೊಳೆತ ಪ್ರೋಟೀನು ಇವೇ ಕೋಶಗಳನ್ನು ಕೊಲ್ಲಬಲ್ಲವು. ಎರಡನ್ನೂ ಬೇರ್ಪಡಿಸುವ ದಾರಿ ಹೀಗಿದೆ: ಅದೇ ರಸವನ್ನು ಹತ್ತು, ನೂರು, ಸಾವಿರ ಪಟ್ಟು ತೆಳುಮಾಡಿ ಹಾಕಬೇಕು, ಜೊತೆಗೆ ಆರೋಗ್ಯವಂತ ಮೀನಿನ ಅದೇ ಅಂಗದ ರಸವನ್ನೂ ಅದೇ ಪ್ರಮಾಣಗಳಲ್ಲಿ ಹಾಕಬೇಕು. ವಿಷವಾದರೆ ಆರೋಗ್ಯವಂತ ಮೀನಿನ ರಸವೂ ಕೊಲ್ಲುತ್ತದೆ, ತೆಳುವಾದಂತೆ ಪರಿಣಾಮ ಕರಗುತ್ತದೆ, ಮತ್ತು ಮುಂದಿನ ಫ್ಲಾಸ್ಕ್‌ಗೆ ದಾಟಿಸಿದಾಗ ಮಾಯವಾಗುತ್ತದೆ. ವೈರಸ್ ಆದರೆ ತೆಳುಮಾಡಿದ್ದರಲ್ಲೂ ತಡವಾಗಿಯಾದರೂ ಕಾಣಿಸಿಕೊಂಡು, ಸಾಮಾನ್ಯವಾಗಿ ಮುಂದಿನ ಪ್ಯಾಸೇಜ್‌ಗಳಲ್ಲಿ ಬೇಗಬೇಗ ಕಾಣತೊಡಗುತ್ತದೆ. ಸಾವಿನ ರೂಪವನ್ನೂ ಗಮನಿಸಬೇಕು. ಸೀಬಾಸ್ ಮರಿಗಳನ್ನು ಕೊಲ್ಲುವ ನರನಾಶಕ ನೋಡಾವೈರಸ್ ತಗಲಿದ ಹಾಸಿನಲ್ಲಿ ಮೊದಲು ಅಲ್ಲಲ್ಲಿ ಕೆಲವು ಕೋಶಗಳ ಕೋಶದ್ರವ್ಯದಲ್ಲಿ ಸ್ವಚ್ಛವಾದ ಗುಳ್ಳೆಗಳು ಏಳುತ್ತವೆ, ಆ ಗುಳ್ಳೆಗಳು ಒಂದಕ್ಕೊಂದು ಸೇರಿ ದೊಡ್ಡವಾಗುತ್ತವೆ, ಆಮೇಲಷ್ಟೇ ಕೋಶ ಕುಗ್ಗಿ ಕಳಚುತ್ತದೆ. ಸುತ್ತಲಿನ ಕೋಶಗಳು ಅಷ್ಟು ಹೊತ್ತೂ ಗಟ್ಟಿಯಾಗಿರುತ್ತವೆ. ಒಂದೇ ದಿನದಲ್ಲಿ ಎಲ್ಲ ಕೋಶಗಳೂ ಒಟ್ಟಿಗೆ ಮುದುಡುವುದು ಸಾಮಾನ್ಯವಾಗಿ ವೈರಸ್‌ನ ನಡೆಯಲ್ಲ. ಹೋಲಿಕೆಗಾಗಿ ಇಟ್ಟ, ಏನನ್ನೂ ಹಾಕದ ಫ್ಲಾಸ್ಕ್‌ನಲ್ಲೂ ಗುಳ್ಳೆಗಳಿದ್ದರೆ ಅವು ಹಸಿದ ಅಥವಾ ಮುದಿಯಾದ ಹಾಸಿನ ಗುಳ್ಳೆಗಳು.

ಏನೂ ಆಗದಿದ್ದರೆ? ಮೊದಲು ಮಾದರಿಯನ್ನು ನೋಡಬೇಕು. ತೇಲಿಬಂದ ಸತ್ತ ಮೀನನ್ನು ಮಧ್ಯಾಹ್ನದ ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರೆ ವೈರಸ್‌ನ ಆರ್‌ಎನ್‌ಎ ಸಿಕ್ಕೀತು, ಜೀವವಿರುವ ವೈರಸ್ ಸಿಗುವುದು ಕಷ್ಟ. ಸಾಯುತ್ತಿರುವ ಮೀನನ್ನು ಮಂಜುಗಡ್ಡೆಯಲ್ಲಿ ತರಬೇಕು. ಅಂಗವೂ ಸರಿಯಿರಬೇಕು: ನೋಡಾವೈರಸ್‌ಗೆ ಮಿದುಳು ಮತ್ತು ಕಣ್ಣು, ಗುಲ್ಮವಲ್ಲ. ಎರಡನೆಯದು ಮತ್ತೆ ಉಷ್ಣತೆ, ಏಕೆಂದರೆ ಕೋಶಗಳಿಗೆ ಹಿಡಿಸುವುದು ವೈರಸ್‌ಗೆ ಹಿಡಿಸಬೇಕೆಂದಿಲ್ಲ. ಬೆಚ್ಚನೆಯ ನೀರಿನ ಮೀನುಗಳಲ್ಲಿ ಕಾಣುವ ಆರ್‌ಜಿಎನ್‌ಎನ್‌ವಿ ಬಗೆಯ ನೋಡಾವೈರಸ್‌ಗೆ 25–30 ಡಿಗ್ರಿ ಅನುಕೂಲ. ಕೋಯಿ ಹರ್ಪಿಸ್ ವೈರಸ್ ಮಾತ್ರ 30 ಡಿಗ್ರಿಯಲ್ಲಿ ವೃದ್ಧಿಯಾಗುವುದನ್ನೇ ನಿಲ್ಲಿಸಿ ಸುಮ್ಮನೆ ಕೂರುತ್ತದೆ, ಅದನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಬೆಳೆಸುತ್ತಾರೆ. ಮೂರನೆಯದು ಕೋಶಗಳ ಗ್ರಹಣಶಕ್ತಿ. ಗೋಲ್ಡ್ ಫಿಶ್ ಅನ್ನು ಕಾಡುವ ಹರ್ಪಿಸ್ ವೈರಸ್ ಹಳೆಯ ಪರಿಚಿತ ಸೆಲ್ ಲೈನ್‌ಗಳಲ್ಲಿ ಕೆಲವು ಪ್ಯಾಸೇಜ್ ನಡೆದು ಕಳೆದುಹೋಗುತ್ತದೆ ಎಂಬ ಕಾರಣಕ್ಕೇ ಗೋಲ್ಡ್ ಫಿಶ್‌ನದೇ ಕೋಶಗಳಿಗಾಗಿ ಶ್ರಮಪಡುವುದು.

ಮೊದಲ ಫ್ಲಾಸ್ಕ್‌ನಲ್ಲಿ ಏನೂ ಕಾಣದಿದ್ದರೂ ಎರಡು ಮೂರು ಸಲ ಕುರುಡು ಪ್ಯಾಸೇಜ್ (ಲಕ್ಷಣ ಕಾಣದಿದ್ದರೂ ಹೊಸ ಕೋಶಗಳಿಗೆ ದಾಟಿಸುವುದು) ಮಾಡಿಯೇ ನೆಗೆಟಿವ್ ಎನ್ನಬೇಕು. ಈ ಹಂತದಲ್ಲಿ ಪಿಸಿಆರ್ ಪಾಸಿಟಿವ್ ಬಂದರೆ ಅದನ್ನೇ ಬೆಳವಣಿಗೆಯೆಂದು ಬರೆದುಬಿಡುವುದು ತೀರ ಸಾಮಾನ್ಯವಾದ ತಪ್ಪು ತೀರ್ಮಾನ. ಮೂಲ ರಸದಲ್ಲಿದ್ದ ವೈರಸ್‌ನ ಅವಶೇಷವೇ ದಾಟಿಬಂದಿರಬಹುದು. ರಿಯಲ್ ಟೈಮ್ ಪಿಸಿಆರ್‌ನ ಸಿಟಿ ಮೌಲ್ಯ (ವೈರಸ್ ಪತ್ತೆಯಾಗುವ ಚಕ್ರಸಂಖ್ಯೆ, ವೈರಸ್ ಕಡಿಮೆಯಿದ್ದಷ್ಟೂ ಇದು ಹೆಚ್ಚು) ಪ್ರತಿ ಹತ್ತು ಪಟ್ಟು ತೆಳುವಾಗುವಿಕೆಗೆ ಸುಮಾರು 3.3ರಷ್ಟು ಏರುತ್ತದೆ. ಪ್ರತಿ ಪ್ಯಾಸೇಜ್‌ನಲ್ಲೂ ಹತ್ತರಲ್ಲೊಂದು ಪಾಲು ದಾಟಿಸುತ್ತಿದ್ದು, ಸಿಟಿ ಮೌಲ್ಯ ಒಂದೇ ಸಮನೆ ಅಷ್ಟಷ್ಟೇ ಏರುತ್ತಿದ್ದರೆ ವೈರಸ್ ಬೆಳೆಯುತ್ತಿಲ್ಲ, ತೊಳೆದುಹೋಗುತ್ತಿದೆ. ಏರದೆ ನಿಂತರೆ ಅಥವಾ ಇಳಿದರೆ ಬೆಳೆಯುತ್ತಿದೆ.

ಹೊಸ ಸೆಲ್ ಲೈನ್ ತನ್ನೊಳಗೇ ಒಂದು ವೈರಸ್ ಹೊತ್ತು ಬಂದಿರುವ ಸಾಧ್ಯತೆಯನ್ನು ಕೊನೆಗೆ ಪರಿಶೀಲಿಸಬೇಕು. ನೋಡಾವೈರಸ್ ಬೆಳೆಸಲು ಎಲ್ಲೆಡೆ ಬಳಸುವ, ಮುರ್ರೆಲ್ ಮೀನಿನ ಎಸ್‌ಎಸ್‌ಎನ್-1 ಸೆಲ್ ಲೈನ್ ಒಂದು ರೆಟ್ರೋವೈರಸ್‌ನ ನಿರಂತರ ಸೋಂಕಿನೊಂದಿಗೇ ಬದುಕುತ್ತಿದೆ. ಅದರಿಂದ ಆರಿಸಿ ಬೆಳೆಸಿದ ತದ್ರೂಪು ತಳಿಯೇ ಇ-11. ಹಾಗಾಗಿ ಲಖನೌದ ರಾಷ್ಟ್ರೀಯ ಮೀನು ಆನುವಂಶಿಕ ಸಂಪನ್ಮೂಲ ಬ್ಯೂರೋದಲ್ಲಿರುವ ಮೀನಿನ ಸೆಲ್ ಲೈನ್‌ಗಳ ರಾಷ್ಟ್ರೀಯ ಭಂಡಾರಕ್ಕೆ ಒಪ್ಪಿಸುವ ಮೊದಲು, ಏನನ್ನೂ ಹಾಕದ ಕೋಶಗಳ ಒಂದು ಉಂಡೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿಸಿಕೊಳ್ಳುವುದು ಒಳ್ಳೆಯದು. ಆ ಉಂಡೆಯನ್ನು ಶೇ. 2.5ರ ಗ್ಲುಟರಾಲ್ಡಿಹೈಡ್‌ನಲ್ಲಿ ತಣ್ಣಗೆ ಕಳುಹಿಸಬೇಕು. ಫ್ರೀಜರ್‌ನಲ್ಲಿ ಹೆಪ್ಪುಗಟ್ಟಿಸಿ ಕಳುಹಿಸಿದರೆ ಮಂಜಿನ ಹರಳುಗಳು ಕೋಶಗಳನ್ನು ಹರಿದು, ನೋಡಲು ಏನೂ ಉಳಿದಿರುವುದಿಲ್ಲ.